ಗುಬ್ಬಿ ಠಸ್ಸೆ

ಜನವರಿ 29, 2025, ಬುಧವಾರ. ಬೆಳಿಗ್ಗೆ 11

ಫಾಸ್ಟಿಂಗ್ ಬ್ಲಡ್ಡಿಗೆ ಇವತ್ತು ನಲವತ್ತೆರಡು ಜನ. ನಂದಿತಾ ಹೆಸರು ಕೇಳದೆಯೇ ಒಂದು ಟ್ಯೂಬಿಗೆ ಲೇಬಲ್ ಅಂಟಿಸಿದಳು. ಹನ್ನೆರಡು ವರ್ಷದ ಸರ್ವೀಸು, ಆದರೂ. ಎಲ್ಲರೆದುರು ಬೈದೆ. "ಯಾರ್ದು ಅಂತ ಗೊತ್ತಿಲ್ದೆ ಹೆಸರು ಬರೆದ್ರೆ ಅದು ರಿಪೋರ್ಟ್ ಅಲ್ಲ ಕಣೇ, ಸುಳ್ಳು." ಅವಳು ತಿರುಗಿ ಬೈಯಲಿಲ್ಲ. ಮೊದಲಾದರೆ ಬೈಯುತ್ತಿದ್ದಳು. ಈಗ ಲ್ಯಾಬಿನಲ್ಲಿ ಎಲ್ಲರೂ ನನಗೆ ರಿಯಾಯಿತಿ ಕೊಡುತ್ತಾರೆ. ಗಂಡ ಕಾಣೆಯಾದವಳು ಪಾಪ, ಅಂತ. ಮೈ ಉರಿಯುತ್ತದೆ.

ಗುರು ಹೋಗಿ ಇಪ್ಪತ್ತೊಂದು ದಿನ.

ಅದೇ ದಿನ, ರಾತ್ರಿ ಊಟವಾದ ಮೇಲೆ

ಊಟ ನನ್ನದು ಮಾತ್ರ. ಅತ್ತೆ ಎರಡು ತುತ್ತು ತಿಂದು ಎದ್ದರು. ಎಂಟನೇ ತಾರೀಖಿನಿಂದ ಹೀಗೇ. "ಅವ್ನು ತಿಂದಿದಾನೋ ಇಲ್ವೋ" ಎನ್ನುತ್ತಾರೆ, ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ನಮ್ಮತ್ತೆ ಅಲಮೇಲಮ್ಮನವರ ಹಟ ಉಪ್ಪಾರಹಳ್ಳಿಗೆಲ್ಲ ಗೊತ್ತು.

ಅವನ ಕಪಾಟು ಮತ್ತೆ ನೋಡಿದೆ. ಫೋನ್ ಇಲ್ಲೇ ಬಿಟ್ಟಿದ್ದಾನೆ. ಪರ್ಸ್ ಇಲ್ಲೇ. ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆ, ನವೆಂಬರಿನಿಂದ ನುಂಗದೆ ಬಿಟ್ಟಿದ್ದು, ಇಲ್ಲೇ. ಡ್ರಾಯರಿನ ತುಂಬ ಬೆರಳುದ್ದದ, ತುದಿ ಕಚ್ಚಿದ ಪೆನ್ಸಿಲ್ ಚೂರುಗಳು. ಆಟದ ಡಬ್ಬಿಯೊಳಗೆ ಪೆನ್ ಒಣಗಿಹೋಗುತ್ತೆ, ಪೆನ್ಸಿಲ್ಲೇ ಸರಿ ಎನ್ನುತ್ತಿದ್ದ. ಒಗೆಯಲು ಹಾಕಿದ ಪ್ರತಿ ಶರ್ಟಿನ ಜೇಬಿನಲ್ಲೂ ಒಂದು ಸಿಗುತ್ತಿತ್ತು. ಜಗಳ ಆಡುತ್ತಿದ್ದೆ.

ಇಲ್ಲದಿರುವುದು ಒಂದೇ. ಠಸ್ಸೆ. ಶಿರಾ ಗೇಟಿನಲ್ಲಿ ಮಾಡಿಸಿದ್ದು, ಹುಣಸೆಬೀಜದಷ್ಟು ಅಗಲ, ಒಂದು ಗುಬ್ಬಿಯ ಚಿತ್ರ. ಅವನ ಹುಟ್ಟೂರು ಗುಬ್ಬಿ ಅಂತ ಅದೇ ಗುರುತು. ಬಚ್ಚಿಟ್ಟ ಡಬ್ಬಿಯನ್ನು ಫೋನ್ ನೋಡಿ ಹುಡುಕಿ, ಒಳಗಿನ ಪುಸ್ತಕದಲ್ಲಿ ತಾರೀಖು ಬರೆದು ಠಸ್ಸೆ ಒತ್ತುವ ಆಟ ಅವನ ಗೆಳೆಯರದು; ಆ ಡಬ್ಬಿ ಬಳಗದಲ್ಲಿ ಎಲ್ಲರಿಗೂ ಒಂದೊಂದು ಠಸ್ಸೆ.

ಪರ್ಸ್ ಬಿಟ್ಟು ಹೋದವನು ಠಸ್ಸೆ ಯಾಕೆ ತೆಗೆದುಕೊಂಡು ಹೋದ?

ಫೆಬ್ರವರಿ 1, ಶನಿವಾರ. ಸಂಜೆ 5. ಗುಬ್ಬಿ ಬಸ್ ಸ್ಟ್ಯಾಂಡ್

ಬರೆಯಲೇಬೇಕು.

ಮಧ್ಯಾಹ್ನ ಲ್ಯಾಬ್ ಮುಗಿಸಿ ಅವನ ಫೋನ್ ಹಿಡಿದು ಬಂದೆ. ಆ್ಯಪ್‌ನಲ್ಲಿ ಬಳಗದ ಆರು ಡಬ್ಬಿಗಳಿವೆ. ಗುಬ್ಬಿ ಕೆರೆ ಏರಿಯದು ಅವನೇ ಬಚ್ಚಿಟ್ಟಿದ್ದು. ಹತ್ತು ವರ್ಷ ಈ ಆಟವನ್ನು ಗೇಲಿ ಮಾಡಿದವಳು ನಾನು. "ನಾಲ್ಕು ಕತ್ತೆ ವಯಸ್ಸಾದೋರು ಭಾನುವಾರ ಬಂದ್ರೆ ಟಿಫಿನ್ ಡಬ್ಬಿ ಹುಡುಕ್ಕೊಂಡು ಹೋಗ್ತಾರೆ" ಅಂತ. ಈಗ ನಾನೇ ಫೋನ್ ಮುಖಕ್ಕೆ ಹಿಡಿದು, ಬಾಣ ತೋರಿಸಿದ ಕಡೆ ಏರಿ ಮೇಲೆ ನಡೆದೆ. ದನ ಮೇಯಿಸುವವರು ನೋಡಿ ನಕ್ಕರು. ನಗಲಿ. ತೂಬಿನ ಹಿಂದೆ ಸಡಿಲ ಕಲ್ಲು, ಅದರ ಹಿಂದೆ ಸ್ಟೀಲ್ ಡಬ್ಬಿ. ಒಳಗೆ ಗೋಲಿ, ಕೀಚೈನ್, ಪೆನ್ಸಿಲ್, ಒಂದು ಚಿಕ್ಕ ಪುಸ್ತಕ.

ಕೊನೆಯ ಸಾಲು. 26-1-25. ಪಕ್ಕದಲ್ಲಿ ಗುಬ್ಬಿ.

ಇಪ್ಪತ್ತಾರು! ಅವನು ಮನೆ ಬಿಟ್ಟು ಹದಿನೆಂಟು ದಿನದ ಮೇಲೆ!

ಬದುಕಿದ್ದಾನೆ. ಕೆರೆ ಏರಿ ಮೇಲೆ ಕೂತು ಜೋರಾಗಿ ಅತ್ತೆ. ಎರಡು ಪುಟ ಬಿಡಿಸಿ ಫೋಟೋ ತೆಗೆದುಕೊಂಡೆ.

ಫೆಬ್ರವರಿ 2, ಭಾನುವಾರ

ಅತ್ತೆಗೆ ಫೋಟೋ ತೋರಿಸಿದೆ. ಕನ್ನಡಕ ಒರೆಸಿ ಒರೆಸಿ ನೋಡಿದರು. ಮೂರು ಚಪಾತಿ ತಿಂದರು. ಆಮೇಲೆ ಮಗನನ್ನು ಬಾಯಿಗೆ ಬಂದಂತೆ ಬೈದರು. ಎಷ್ಟು ದಿನವಾಗಿತ್ತು ಈ ಮನೆಯಲ್ಲಿ ಬೈಗುಳ ಕೇಳಿ!

ಬಳಗದವರಿಗೆ ಹೇಳುವುದಿಲ್ಲ. ಅವನ ಗುಬ್ಬಿಯ ಪಕ್ಕದಲ್ಲೇ, ಅದೇ ತಾರೀಖಿಗೆ, ಇನ್ನೊಂದು ಠಸ್ಸೆ ಇದೆ. ಸ್ಕ್ರೂಡ್ರೈವರ್ ಚಿತ್ರ. ಅದು ನಾಗೇಶನದು. ಶಿರಾ ಗೇಟಿನ ಮೊಬೈಲ್ ರಿಪೇರಿ ಅಂಗಡಿಯ ನಾಗೇಶ್, ಗುರುವಿನ ಜೀವದ ಗೆಳೆಯ. ಮೊನ್ನೆ ಮನೆಗೆ ಬಂದು "ಏನಾರ ಗೊತ್ತಾಯ್ತಾ ಅತ್ಗೆ" ಎಂದು ಕಣ್ಣಲ್ಲಿ ನೀರು ಹಾಕಿಕೊಂಡ. ನಾಟಕದವನು. ಇವನಿಗೆ ಗೊತ್ತಿದೆ. ಇವನೇ ಎಲ್ಲೋ ಇಟ್ಟಿದ್ದಾನೆ. ನಾನು ಕೇಳಿದರೆ ಗುರುವಿಗೆ ಸುದ್ದಿ ಮುಟ್ಟಿಸುತ್ತಾನೆ, ಅವನು ಇನ್ನೂ ದೂರ ಹೋಗುತ್ತಾನೆ.

ಸುಮ್ಮನಿರಬೇಕು. ನಾನೇ ಹಿಡಿಯಬೇಕು.

ಫೆಬ್ರವರಿ 4, ಮಂಗಳವಾರ. ಮಧ್ಯಾಹ್ನ

ಊಟಕ್ಕೆ ಮನೆಗೆ ಬಂದಾಗ ಕುಣಿಗಲ್ ಕಡೆಯ ಠಾಣೆಯಿಂದ ಫೋನ್. ಹೆಡ್ ಕಾನ್‌ಸ್ಟೇಬಲ್ ಚೌಡಪ್ಪ ಅಂತೆ. ಮೆದುವಾಗಿ ಮಾತಾಡಿದರು. ಕೊತ್ತಗೆರೆ ಕೆರೆಯಲ್ಲಿ ನಿನ್ನೆ ಒಂದು ಬಾಡಿ ಸಿಕ್ಕಿದೆ. ನಲವತ್ತರ ಆಸುಪಾಸು.

"ಮುಖ ಗುರ್ತು ಸಿಗಾಕಿಲ್ಲ ಮೇಡಂ. ಎರಡು ಮೂರು ವಾರ ಆಗೈತೆ ಅಂತಾರೆ ಡಾಕ್ಟ್ರು. ಚೌಕುಳಿ ಶರ್ಟು. ಬೂದಿ ಬಣ್ಣನೋ ನೀಲಿನೋ, ನೀರೊಳ್ಗಿದ್ದು ಗೊತ್ತಾಗ್ತಿಲ್ಲ. ಜೇಬಲ್ಲಿ ಒಂದು ಪೆನ್ಸಿಲ್ ಚೂರು ಐತೆ, ಬಡಗಿಗಳು ಇಕ್ಕಂಡಿರ್ತಾರಲ್ಲ, ಹಂಗೆ."

"ಹಾಗಾದ್ರೆ ಯಾರೋ ಬಡಗಿ ಇರ್ಬೇಕು" ಎಂದೆ.

"ಇರ್ಬೋದು. ಆದ್ರೂ ಒಂದ್ಸಲ ಬಂದು ನೋಡ್ಬುಡಿ ಮೇಡಂ. ಶನಿವಾರದ ತನಕ ಕುಣಿಗಲ್ ಆಸ್ಪತ್ರೇಲಿ ಇಟ್ಟಿರ್ತೀವಿ."

ಬರುವುದಿಲ್ಲ ಎಂದೆ. ಎರಡು ಮೂರು ವಾರ ಆಗಿದ್ದರೆ ಅದು ನನ್ನ ಗಂಡ ಹೇಗಾದಾನು? ಇಪ್ಪತ್ತಾರನೇ ತಾರೀಖು ಗುಬ್ಬಿಯಲ್ಲಿ ಠಸ್ಸೆ ಒತ್ತಿದ್ದಾನಲ್ಲ. ಫೋಟೋ ಕಳಿಸಿದೆ. ಅವರು ಒಂದು ಕಾಗದ ಕಳಿಸಿದರು. ಈ ವಿವರದ ವ್ಯಕ್ತಿ ನನ್ನ ಗಂಡನಲ್ಲ ಎಂದು ಬರೆದು ಸಹಿ ಮಾಡಿ ವಾಟ್ಸ್ಯಾಪ್ ಮಾಡಿದೆ.

ಗುರುವಿನದು ಬೂದು ಚೌಕುಳಿ. ಅವರದು ನೀಲಿ ಇರಬೇಕು. ಬಡಗಿ ಎಂದು ಅವರೇ ಹೇಳಿದರು.

ಫೆಬ್ರವರಿ 8, ಶನಿವಾರ

ಕುಣಿಗಲ್‌ಗೆ ಹೋಗಿದ್ದೆ. ಡಬ್ಬಿಗೆ. ದೊಡ್ಡಕೆರೆ ಏರಿ ಕೆಳಗೆ ಹುಣಸೆ ಮರದ ಪೊಟರೆ. ಮುಕ್ಕಾಲು ಗಂಟೆ ಹುಡುಕಿದೆ, ಮೊಣಕೈ ತರಚಿತು, ಇರುವೆ ಕಚ್ಚಿತು.

2-2-25. ಗುಬ್ಬಿ. ಪಕ್ಕದಲ್ಲಿ ಸ್ಕ್ರೂಡ್ರೈವರ್. ಆರು ದಿನದ ಹಿಂದೆ ಇದೇ ಮರದ ಕೆಳಗೆ ನಿಂತಿದ್ದ! ನಾನು ಮೊದಲು ಇಲ್ಲಿಗೇ ಬಂದಿದ್ದರೆ...

ಫೋಟೋ ತೆಗೆದುಕೊಂಡು ಪುಸ್ತಕ ಮೂಸಿ ನೋಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹೌದು. ಇಂಕಿನ ವಾಸನೆ ಬಿಟ್ಟು ಏನೂ ಇಲ್ಲ.

ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಏನಾದರೂ ಇಡಬೇಕು ಎನ್ನುವುದು ಇವರ ನಿಯಮ. ಒಂದು ಗೋಲಿ ತೆಗೆದುಕೊಂಡು ಅವನ ಮಾತ್ರೆಯ ಒಂದು ಸ್ಟ್ರಿಪ್ ಇಟ್ಟೆ. ಮತ್ತೆ ಬಂದರೆ ನುಂಗಲಿ.

ವಾಪಸ್ ಬರುವಾಗ ಆಟೋದವನು ಸರ್ಕಾರಿ ಆಸ್ಪತ್ರೆ ಮುಂದೆಯೇ ಬಂದ. ಗೇಟು ಕಾಣಿಸಿತು. ಇವತ್ತು ಶನಿವಾರ ಎಂದು ನೆನಪಿತ್ತು. ಚೌಡಪ್ಪ ಹೇಳಿದ ಕೊನೆಯ ದಿನ. ನಿಲ್ಲಿಸು ಎನ್ನಲು ಬಾಯಿ ತೆರೆದೆ. ಆಮೇಲೆ ಯಾರದೋ ಮನೆಯ ಸಾವನ್ನು ನಾನು ಯಾಕೆ ನೋಡಬೇಕು ಅನ್ನಿಸಿತು. ಬಸ್ ಸ್ಟ್ಯಾಂಡಿಗೆ ಬಿಡಪ್ಪ ಎಂದೆ.

ಫೆಬ್ರವರಿ 11, ಮಂಗಳವಾರ

ಸಿಕ್ಕಿತು! ಅವನ ಹಳೆಯ ಡೈರಿಯಲ್ಲಿ ಸರದಿ ಇದೆ. ಪ್ರತಿ ಭಾನುವಾರ ಒಂದು ಡಬ್ಬಿ ನೋಡಿಕೊಂಡು ಬರುವುದು ಬಳಗದ ವ್ರತ. ನೀರು ಹೋಗಿದೆಯಾ, ಗೆದ್ದಲು ಹಿಡಿದಿದೆಯಾ, ಪೆನ್ಸಿಲ್ ಇದೆಯಾ. ಆರು ಡಬ್ಬಿ, ಆರು ವಾರ, ಮತ್ತೆ ಮೊದಲಿನಿಂದ. ಗುಬ್ಬಿ, ಕುಣಿಗಲ್, ದೇವರಾಯನದುರ್ಗ, ಆಮೇಲೆ ಉಪ್ಪಾರಹಳ್ಳಿ.

ಅಂದರೆ ಈ ಭಾನುವಾರ ಹದಿನಾರಕ್ಕೆ ಉಪ್ಪಾರಹಳ್ಳಿ. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಪಾರ್ಕಿನ ಬೇಲಿ. ಗುರು ಎರಡು ಬೀದಿ ಆಚೆ ಬರುತ್ತಾನೆ!

ಅತ್ತೆ ಕ್ಯಾಲೆಂಡರಿನಲ್ಲಿ ಹದಿನಾರರ ಸುತ್ತ ಅರಿಶಿನದಲ್ಲಿ ಗುರುತು ಹಾಕಿದ್ದಾರೆ.

ಫೆಬ್ರವರಿ 15, ಶನಿವಾರ

ಪತ್ರ ಬರೆದೆ. ಐದು ಸಲ ಹರಿದೆ. ಮೊದಲ ನಾಲ್ಕರಲ್ಲಿ ಬೈಗುಳವೇ ಜಾಸ್ತಿ. ಕೊನೆಯದು ಚಿಕ್ಕದು.

"ಗುರು, ಮನೆಗೆ ಬಾ. ಕೆಲಸಕ್ಕೆ ಹೋಗಬೇಡ, ಮಾತಾಡಬೇಡ, ಮಲಗೇ ಇರು. ಎದ್ದು ಓಡಾಡು ಅಂತ ನಾನು ಹೇಳುವುದಿಲ್ಲ. ಇನ್ನೊಂದು ಸಲ ಹೇಳುವುದಿಲ್ಲ. ರಂಜನಿ."

ಹೇಳಿದ್ದೆ. ಜನವರಿ ಏಳನೇ ತಾರೀಖು. "ಮೂರು ತಿಂಗಳಾಯ್ತು, ಗೋಡೆ ನೋಡ್ಕೊಂಡು ಬಿದ್ದಿದೀಯಾ. ಎದ್ದು ಎಲ್ಲಾದ್ರೂ ಹೋಗು ಮಾರಾಯ" ಅಂದಿದ್ದೆ. ಮರುದಿನ ಎದ್ದು ಹೋದ. ಇದನ್ನು ಪೊಲೀಸರಿಗೆ ಹೇಳಿಲ್ಲ. ಅತ್ತೆಗೂ ಹೇಳಿಲ್ಲ.

ಪತ್ರ ಡಬ್ಬಿಯಲ್ಲಿಟ್ಟು ಬಂದೆ. ಅಡುಗೆಮನೆಯಲ್ಲಿ ಅತ್ತೆ ಗೊಜ್ಜವಲಕ್ಕಿಗೆ ಅವಲಕ್ಕಿ ಕುಟ್ಟುತ್ತಿದ್ದಾರೆ. ನಾಳೆ ಬೆಳಿಗ್ಗೆ ಬಿಸಿನೀರು ಕಾಯಿಸಿಡುತ್ತಾರಂತೆ. "ಅವ್ನು ಬಂದ ತಕ್ಷಣ ಮೊದ್ಲು ಸ್ನಾನ. ಆಮೇಲೆ ನಿನ್ನ ಬೈಗುಳ."

ಫೆಬ್ರವರಿ 16, ಭಾನುವಾರ

ಇಲ್ಲ

ಫೆಬ್ರವರಿ 17, ಸೋಮವಾರ. ರಜೆ ಹಾಕಿದ್ದೇನೆ

ನಿನ್ನೆ ಬೆಳಿಗ್ಗೆ ಆರೂವರೆಗೆ ಪಾರ್ಕಿನ ಬೆಂಚಿನಲ್ಲಿ ಕೂತೆ. ತಲೆಗೆ ಶಾಲು ಸುತ್ತಿಕೊಂಡು. ವಾಕಿಂಗಿನವರು ಬಂದರು, ಹೋದರು. ಎಂಟೂ ಕಾಲಿಗೆ ನಾಗೇಶ್ ಬಂದ. ಒಬ್ಬನೇ. ಹಿಂದೆ ನೋಡಿದೆ. ರಸ್ತೆ ನೋಡಿದೆ. ಒಬ್ಬನೇ.

ಬೇಲಿಗೆ ಆಯಸ್ಕಾಂತದಿಂದ ಅಂಟಿಸಿದ ಡಬ್ಬಿ ಕಿತ್ತ. ಪುಸ್ತಕ ತೆಗೆದ. ತಾರೀಖು ಬರೆದ. ತನ್ನ ಪೌಚಿನಿಂದ ಠಸ್ಸೆ ತೆಗೆದು ಒತ್ತಿದ. ಅದನ್ನು ಒಳಗಿಟ್ಟು ಇನ್ನೊಂದು ಠಸ್ಸೆ ತೆಗೆದ. ಬಾಯಿಂದ ಊದಿದ. ಒತ್ತಿದ.

ಆಮೇಲೆ ತಳದಲ್ಲಿದ್ದ ನನ್ನ ಪತ್ರ ಕಾಣಿಸಿತು ಅವನಿಗೆ. ಓದಿದ. ನಿಂತಲ್ಲೇ ಕುಸಿದು ಕೂತ.

ನಾನು ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ. "ಎಲ್ಲಿದಾನೆ? ಎಲ್ಲಿಟ್ಟಿದೀಯಾ ಅವ್ನನ್ನ?"

ಅವನು ಕೈ ಚಾಚಿದ. ಅಂಗೈಯಲ್ಲಿ ಗುಬ್ಬಿ ಠಸ್ಸೆ.

"ಇದು ನನ್ ಹತ್ರನೇ ಇತ್ತು ಅತ್ಗೆ. ದೀಪಾವಳಿ ಆದ್ಮೇಲೆ ಅವ್ನೇ ಕೊಟ್ಟ. ನಂಗೆ ಬರಕ್ಕಾಗಲ್ಲ ಕಣೋ, ನಂದೂ ಒತ್ಬುಡು ಅಂದ. ನಮ್ ಬಳಗದಲ್ಲಿ ಮೊದ್ಲಿಂದ ಹಂಗೇ. ಲಕ್ಷ್ಮೀಕಾಂತ್ ಕಾಲು ಮುರ್ಕೊಂಡು ಮಲಗಿದ್ನಲ್ಲ, ನಾಲ್ಕು ತಿಂಗಳು ಅವನ್ದನ್ನ ಗುರುನೇ ಒತ್ತಿದ್ದ. ಬರಕ್ಕಾಗ್ದೋರ್ದು ಹೋಗೋರು ಒತ್ತೋದು."

"ಅವನು ಕಾಣೆಯಾದ ಮೇಲೂ ಯಾಕೆ ಒತ್ತಿದೆ?"

"ನಿಲ್ಸಕ್ಕೆ ಆಗ್ಲಿಲ್ಲ. ನಿಲ್ಸುದ್ರೆ ಅವ್ನು ಇನ್ನ ಬರಲ್ಲ ಅಂತ ಒಪ್ಕಂಡಂಗಲ್ವಾ. ಪುಸ್ತಕದಲ್ಲಾದ್ರೂ ಇರ್ಲಿ ಅಂತ... ನೀವು ಇದನ್ನೆಲ್ಲ ನೋಡ್ತಿದೀರಾ ಅಂತ ಆಣೆಗೂ ಗೊತ್ತಿರ್ಲಿಲ್ಲ ಅತ್ಗೆ. ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ!"

ಕೆನ್ನೆಗೆ ಹೊಡೆದೆ. ನಲವತ್ತು ದಾಟಿದ ಗಂಡಸು, ವಾಕಿಂಗಿನವರ ಎದುರು. ಅವನು ಮುಖ ತಿರುಗಿಸಲಿಲ್ಲ. ಠಸ್ಸೆ ಕಿತ್ತುಕೊಂಡು ಹೊರಟೆ.

ಹಿಂದೆಯೇ ಬಂದ. ಗೇಟಿನ ಹತ್ತಿರ ಕೇಳಿದ: "ಅತ್ಗೆ, ಕೊತ್ತಗೆರೆ ಕಡೆ ಪೊಲೀಸ್ರು ವಿಚಾರ್ಸಿದ್ರಾ? ಏಳನೇ ಡಬ್ಬಿಗೆ ಅಲ್ಲಿ ಕೆರೆ ಹತ್ರ ಜಾಗ ನೋಡಿದೀನಿ ಅಂತಿದ್ದ, ದಸರಾದಲ್ಲಿ."

ಚೌಡಪ್ಪನವರ ಫೋನ್ ನೆನಪಾಯಿತು. ಗೇಟು ದಾಟಿ ಬಿರಬಿರನೆ ನಡೆದೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬಚ್ಚಲಿನಿಂದ ಹೊಗೆ ಬರುತ್ತಿತ್ತು. "ಎಲ್ಲೇ?" ಎಂದರು.

"ನಾನು ಹೋಗೋದ್ರೊಳಗೆ ಒತ್ತಿ ಹೋಗ್ಬಿಟ್ಟಿದಾನೆ" ಎಂದೆ.

ಅದೇ ದಿನ, ಮಧ್ಯಾಹ್ನ

ಗುಬ್ಬಿ ಡಬ್ಬಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ನಾನು ತೆಗೆದದ್ದು ಎರಡು ಪುಟ. ಎಡಗಡೆ ಪುಟದಲ್ಲಿ ಆರು ವಾರದ ಹಿಂದಿನ ಸರದಿ. 15-12-24. ಗುಬ್ಬಿ. ಸ್ಕ್ರೂಡ್ರೈವರ್.

ಡಿಸೆಂಬರ್ ಹದಿನೈದು. ಆ ಭಾನುವಾರ ಗುರು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಮುಖ ತೊಳೆದಿರಲಿಲ್ಲ. ನಾನೇ ಕಾಫಿ ಒಳಗೆ ಕೊಟ್ಟಿದ್ದೆ, ತಣ್ಣಗಾದದ್ದನ್ನು ನಾನೇ ಚೆಲ್ಲಿದ್ದೆ. ಮಲಗಿದ್ದವನ ಠಸ್ಸೆ ಗುಬ್ಬಿ ಕೆರೆಯಲ್ಲಿ ಹೇಗೆ ಬಿತ್ತು ಎಂದು ಕೇಳಿಕೊಳ್ಳಲಿಲ್ಲ. ಅದೇ ಫೋಟೋವನ್ನು ದಿನಕ್ಕೆ ಇಪ್ಪತ್ತು ಸಲ ನೋಡಿದ್ದೇನೆ. ಬಲಗಡೆ ಪುಟ ಮಾತ್ರ.

ನಂದಿತಾಗೆ ಬೈದಿದ್ದೆನಲ್ಲ, ಎಲ್ಲರೆದುರು.

ಫೆಬ್ರವರಿ 23, ಭಾನುವಾರ

ಅತ್ತೆ ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ. "ಈ ವಾರ ಎಲ್ಲಿ ಒತ್ತಿದಾನೆ?"

ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಬ್ಯಾಗಿನಲ್ಲಿದ್ದ ಒಂದು ಹಾಳೆಯ ಮೇಲೆ ತಾರೀಖು ಬರೆದೆ. ಠಸ್ಸೆ ಒತ್ತಿದೆ. ಫೋಟೋ ತೆಗೆದು ತೋರಿಸಿದೆ. ಕೈದಾಳದ ಡಬ್ಬಿ ಎಂದೆ.

"ಚೆನ್ನಾಗಿ ಬಿದ್ದಿದೆ" ಎಂದರು. ಊಟ ಮಾಡಿದರು.

ಚೌಡಪ್ಪನವರ ನಂಬರ್ ತೆಗೆದೆ. ಒತ್ತಲಿಲ್ಲ. ನಾನು ನೋಡದೆ ಇರುವವರೆಗೆ ಅದು ಬಡಗಿಯೇ.

ಮಾರ್ಚ್ 5, ಬುಧವಾರ

ಹತ್ತು ದಿನ ಏನೂ ಬರೆದಿಲ್ಲ. ಲ್ಯಾಬ್, ಮನೆ. ಭಾನುವಾರ ಮತ್ತೊಂದು ಸುಳ್ಳು ಠಸ್ಸೆ.

ಇವತ್ತು ಸಂಜೆ ಅತ್ತೆ ನನ್ನ ಫೋನ್ ತೆಗೆದುಕೊಂಡು ಬಂದು ಎದುರು ಕೂತರು.

"ಮೊದಲನೇ ಎರಡು ಬೇರೆ ಕಾಗದ. ಆಮೇಲಿನ ಎರಡು ನಿನ್ನ ಲ್ಯಾಬ್ ಕಾಗದ ಕಣೇ. ಹಸಿರು ಗೆರೆ ಇದೆ ನೋಡು. ಹಾಲಿನ ಲೆಕ್ಕ ಇದೇ ಹಾಳೆ ಮೇಲಲ್ವಾ ನಾನು ಬರೆಯೋದು?"

ಫೋನಿಗೆ ಕೈ ಚಾಚಿದೆ, ಅವರು ಕೊಡಲಿಲ್ಲ.

"ಯಾವಾಗ್ಲೋ ಫೋನ್ ಬಂದಿತ್ತಲ್ಲ, ಕುಣಿಗಲ್ ಕಡೆಯಿಂದ. ನೀನು ಬಡಗಿ ಅಂತ ಹೇಳ್ತಿದ್ದೆ. ನಾನು ಅಡುಗೆಮನೇಲಿದ್ದೆ. ನಂಗೆ ಕಿವಿ ಚೆನ್ನಾಗೇ ಕೇಳುತ್ತೆ."

"ಅತ್ತೆ, ಅದು..."

"ಹೋಗಿ ನೋಡ್ಕೊಂಡು ಬಾ ರಂಜನಿ. ಅವ್ನಲ್ಲ ಅಂದ್ರೆ ಅಲ್ಲ ಅಂತ ನೋಡಿ ಬಂದು ಹೇಳು. ನೋಡ್ದೆ ಹೇಳ್ಬೇಡ."

ಇಬ್ಬರೂ ಅತ್ತೆವು. ಏಳನೇ ತಾರೀಖಿನ ಮಾತನ್ನೂ ಹೇಳಿಬಿಟ್ಟೆ. ಎದ್ದು ಎಲ್ಲಾದರೂ ಹೋಗು ಎಂದದ್ದು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ, "ನಾನೂ ದಿನಾ ಅದೇ ಅಂತಿದ್ದೆ" ಎಂದರು.

ಚೌಡಪ್ಪನವರಿಗೆ ಫೋನ್ ಮಾಡಿದೆ. ಶುಕ್ರವಾರ ಬನ್ನಿ ಎಂದರು. ಬಾಡಿ ಇಲ್ಲ. ಬಟ್ಟೆ ಇದೆ.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 11:20. ಠಾಣೆಯ ಬೆಂಚು

ನಾಗೇಶ್ ಕಾರಿನಲ್ಲಿ ಕರೆತಂದ. ಕೆನ್ನೆಯ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಪ್ಲಾಸ್ಟಿಕ್ ಕವರ್. ಮೇಲೆ ಲೇಬಲ್. ಅಪರಿಚಿತ ಗಂಡಸು, ಕೊತ್ತಗೆರೆ ಕೆರೆ, 3-2-25.

ಶರ್ಟು ಬೂದು. ಮೇಲಿನಿಂದ ಎರಡನೇ ಗುಂಡಿ ಕಂದು, ಉಳಿದವು ಬಿಳಿ. ಕೆಂಪು ದಾರ. ಹೋದ ವರ್ಷದ ಯುಗಾದಿಯ ಹಿಂದಿನ ದಿನ ಬಿಳಿ ದಾರ ಸಿಗದೆ ನಾನೇ ಕೆಂಪಿನಲ್ಲಿ ಹೊಲಿದಿದ್ದೆ. "ಯಾರು ನೋಡ್ತಾರೆ ಬಿಡು" ಎಂದಿದ್ದ.

ಪೆನ್ಸಿಲ್ ಚೂರು. ಹಿಂದೆ ಹಲ್ಲಿನ ಗುರುತು.

ಗುರು.

ಚೌಡಪ್ಪನವರು ನೀರು ತಂದುಕೊಟ್ಟರು. ನಾನು ಸಹಿ ಮಾಡಿ ಕಳಿಸಿದ ಕಾಗದ ಫೈಲಿನಲ್ಲಿದೆ. ನನ್ನ ಗಂಡನಲ್ಲ. ಅದನ್ನೇ ನಂಬಿ ಫೆಬ್ರವರಿ ಒಂಬತ್ತನೇ ತಾರೀಖು ಹೂತಿದ್ದಾರೆ. ನಾನು ಕುಣಿಗಲ್‌ನಿಂದ ಬಸ್ ಹತ್ತಿದ ಮರುದಿನ. ಯಾರೂ ಇರಲಿಲ್ಲವಂತೆ. ಚೌಡಪ್ಪನವರೇ ಒಂದು ಹಾರ ಕೊಂಡು ಹಾಕಿದರಂತೆ.

"ಜಾಗ ಗುರ್ತು ಐತಾ ಸಾರ್?" ಎಂದು ನಾಗೇಶ್ ಕೇಳಿದ.

"ಕಲ್ಲು ನೆಟ್ಟೀವಿ. ಆದ್ರೆ ಅಂತಾವು ಬಾಳ ಅವೆ. ಯಾವತ್ತಾರ ಅವ್ರ ಕಡೇರು ಬಂದಾರು ಅಂತ ನಾನು ಫೋನಾಗೆ ಲೊಕೇಶನ್ ಹಿಡ್ಕಂಡು ಮಡಗಿವ್ನಿ. ಕಳಿಸ್ತೀನಿ ಇರಿ."

ಗುರುವಿನ ಫೋನಿಗೆ ಕಳಿಸಿ ಎಂದೆ.

ಅದೇ ದಿನ. 12:45

ಕಾರು ಇಲ್ಲಿಗೇ ನಿಂತಿತು. ಮುಂದೆ ರಸ್ತೆಯಿಲ್ಲ, ಜಾಲಿ. ನಾಗೇಶ್ ಆ್ಯಪ್ ತೆರೆದುಕೊಟ್ಟು, "ನೀವೇ ಹಿಡ್ಕಳಿ ಅತ್ಗೆ, ನಾನು ಹಿಂದೆ ಬರ್ತೀನಿ" ಎಂದ. ಬಾಣ ಬಂದಿದೆ. 210 ಮೀಟರ್. ಹತ್ತು ವರ್ಷ "ಒಂದ್ಸಲ ಜೊತೆಗೆ ಬಾರೇ" ಎಂದು ಕರೆದ. ಹೋಗಲಿಲ್ಲ.

ಪೆನ್ ಬರೆಯುತ್ತಿಲ್ಲ. ಡ್ರಾಯರಿನ ಒಂದು ಚೂರು ಬ್ಯಾಗಿನಲ್ಲಿತ್ತು, ಅದರಲ್ಲಿ ಬರೆಯುತ್ತಿದ್ದೇನೆ.

ಠಸ್ಸೆ ತಂದಿದ್ದೇನೆ. ಹುಡುಕಿ ಸಿಕ್ಕಿದ ಮೇಲೆ ಪುಸ್ತಕದಲ್ಲಿ ಒತ್ತಬೇಕು. ಅಲ್ಲಿ ಪುಸ್ತಕ ಇರುವುದಿಲ್ಲ. ಈ ಪುಟದಲ್ಲೇ ಒತ್ತುತ್ತೇನೆ, ಇವತ್ತಿನ ತಾರೀಖಿನ ಪಕ್ಕದಲ್ಲಿ, ಅವನದ್ದು ಒಂದು. ನನಗೆ ಠಸ್ಸೆ ಇಲ್ಲ, ನನ್ನದು ಪೆನ್ಸಿಲ್ಲಿನಲ್ಲಿ ಹೆಸರು.